ಮನೆಯೊಳಗೆ ಸೈಕಲ್ ತುಳಿಯುತ್ತ ಪರದೆಯ ಮೇಲಿನ ದಾರಿಯಲ್ಲಿ ಸಾಗುವ ಜ್ವಿಫ್ಟ್ ಆ್ಯಪ್‌ನಲ್ಲಿ ಟ್ರೈನರ್ ಡಿಫಿಕಲ್ಟಿ ಇಳಿಸಿದರೆ ಅಲ್ಲಿನ ಆಲ್ಪ್ ಡು ಜ್ವಿಫ್ಟ್ ಏರುದಾರಿಯನ್ನು ಬೇಗ ಹತ್ತಬಹುದೇ?

ಇಲ್ಲ. ಟ್ರೈನರ್ (ಸೈಕಲ್ ಕೂರಿಸುವ ಸ್ಟ್ಯಾಂಡ್) ಏರಿನ ಬಿಗಿಯನ್ನು ಕಾಲಿಗೆ ಎಷ್ಟು ತಾಗಿಸಬೇಕೆಂದು ಹೇಳುವ ಆ ಸೆಟ್ಟಿಂಗ್ ಅರ್ಧಕ್ಕಿಟ್ಟರೆ ಶೇ 10ರ ಏರು ಕಾಲಿಗೆ ಶೇ 5ರಂತೆ ತಾಗುತ್ತದೆ, ಗೇರ್ ಸಲೀಸಾಗುತ್ತದೆ, ಅಷ್ಟೇ. ಪರದೆಯ ಮೇಲಿನ ವೇಗ ನಿರ್ಧಾರವಾಗುವುದು ಮುಖ್ಯವಾಗಿ ನಿಮ್ಮ ವ್ಯಾಟ್ (ತುಳಿಯುವ ಶಕ್ತಿ) ಮತ್ತು ತೂಕದಿಂದ. ಫ್ರಾನ್ಸಿನ ಆಲ್ಪ್ ದ್ಯುಯೆಜ್ ಮಾದರಿಯ ಈ ದಾರಿಗೆ 21 ತಿರುವುಗಳು. ಸುಮಾರು 12 ಕಿ.ಮೀ.ಯಲ್ಲಿ ಸಾವಿರ ಮೀಟರಿಗೂ ಹೆಚ್ಚು ಏರು. ಗಂಟೆಯೊಳಗೆ ಮುಗಿಸಲು ಪ್ರತಿ ಕಿಲೋ ತೂಕಕ್ಕೆ ಸುಮಾರು 3.2 ವ್ಯಾಟ್ ಬೇಕು. ಆಗುಂಬೆ ಘಾಟಿ ಏರಿ ಪಳಗಿದವರೂ ಆರಂಭದ ಕಡಿದಾದ ತಿರುವುಗಳಲ್ಲೇ ದಣಿಯಬೇಡಿ.

ನನ್ನ ಮಟ್ಟಿಗೆ ಸೆಟ್ಟಿಂಗ್‌ಗಿಂತ ಫ್ಯಾನ್ ಮುಖ್ಯ. ಮಲೆನಾಡಿನ ಮಳೆಗಾಲದ ತೇವಕ್ಕೆ ಮುಚ್ಚಿದ ಕೋಣೆಯಲ್ಲಿ ಬೆವರು ಆರುವುದೇ ಇಲ್ಲ. ಮೈ ಕಾದು ವ್ಯಾಟ್ ಕುಸಿಯುತ್ತದೆ. ಗಾಳಿ ನೇರ ಎದೆಗೆ ಬೀಸಲಿ. ಹ್ಯಾಂಡಲ್ ಮೇಲೆ ಟವೆಲ್ ಹಾಸಿ, ಉಪ್ಪು ಬೆವರಿಗೆ ಬೋಲ್ಟುಗಳು ತುಕ್ಕು ಹಿಡಿಯುತ್ತವೆ.