ಕಲಬುರಗಿ ಬಿಸಿಲಿನಲ್ಲಿ ಹೊಸ ಗಿಟಾರ್: ಬಾರದ ಎಫ್ ಕಾರ್ಡ್, ಇಳಿಯುವ ಶ್ರುತಿ, ಉರಿಯುವ ಬೆರಳು

ನೀವು ಕೇಳಿದ್ದು ಇಷ್ಟು: ಯುಗಾದಿಗೆ ಗಿಟಾರ್ ತಗೊಂಡಿದ್ದೀರಿ, ವಿಡಿಯೊ ನೋಡಿ ಕಲಿಯುತ್ತಿದ್ದೀರಿ. ಎಫ್ ಕಾರ್ಡ್ (ಹಲವು ತಂತಿ ಒಟ್ಟಿಗೆ ಒತ್ತಿ ಹಿಡಿಯುವ ಸ್ವರಗುಚ್ಛ) ಬರುತ್ತಿಲ್ಲ, ಬೆರಳು ಉರಿಯುತ್ತವೆ, ಮುಂಜಾನೆ ಕೂಡಿಸಿದ ಶ್ರುತಿ ಸಂಜೆಗೆ ಇಳಿದಿರುತ್ತದೆ. ಶ್ರಾವಣದಲ್ಲಿ ಓಣಿಯ ಭಜನಾ ಮಂಡಳಿ ಜೋಡಿ ನುಡಿಸುವ ಆಸೆ ಇದೆ. ವಯಸ್ಸು ಇಪ್ಪತ್ತೇಳು, ತಡ ಆಯ್ತೇನು?

ತಡ ಏನೂ ಆಗಿಲ್ಲ. ನಿಮ್ಮ ಮೂರು ದೂರುಗಳಲ್ಲಿ ಎರಡಂತೂ ಬೆರಳಿನವಲ್ಲ, ವಾದ್ಯದವು. ಅಂಗಡಿಯಿಂದ ಬಂದ ಅಗ್ಗದ ಗಿಟಾರಿನಲ್ಲಿ ತಂತಿ ಎತ್ತರವಾಗಿಯೇ ಇರುತ್ತವೆ. ಅದನ್ನು ಸರಿ ಮಾಡದೆ ಆರು ತಿಂಗಳು ಒದ್ದಾಡಿ, "ನನಗೆ ಸಂಗೀತ ಒಲಿಯುವುದಿಲ್ಲ" ಅಂತ ಗಿಟಾರನ್ನು ಅಟ್ಟಕ್ಕೆ ಹಾಕುವವರೇ ಭಾಳ. ಅದಕ್ಕೆ ಮೊದಲು ಗಿಟಾರ್ ನೋಡೋಣ.

ಒಂದು ಸ್ಟೀಲ್ ಸ್ಕೇಲ್ ತಗೊಳ್ಳಿರಿ. ಅಂಚಿನಿಂದಲೇ ಸೊನ್ನೆ ಶುರುವಾಗುವಂಥದ್ದೇ ಬೇಕು. ಮಕ್ಕಳ ಕಂಪಾಸ್ ಪೆಟ್ಟಿಗೆಯ ಪ್ಲಾಸ್ಟಿಕ್ ಪಟ್ಟಿಯಲ್ಲಿ ಸೊನ್ನೆಗೆ ಮುಂಚೆ ಜಾಗ ಬಿಟ್ಟಿರುತ್ತಾರೆ, ಲೆಕ್ಕ ತಪ್ಪುತ್ತದೆ. ಶ್ರುತಿ ಕೂಡಿಸಿದ ಮೇಲೆ ಹನ್ನೆರಡನೆಯ ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಯ) ಮೇಲೆ ಸ್ಕೇಲ್ ನಿಲ್ಲಿಸಿ, ಫ್ರೆಟ್ಟಿನ ನೆತ್ತಿಯಿಂದ ತಂತಿಯ ತಳಕ್ಕೆ ಎಷ್ಟು ಅಂತರವಿದೆ ಅಳೆಯಿರಿ. ದಪ್ಪ ತಂತಿಗೆ ಸುಮಾರು 2.5 ಮಿಲಿಮೀಟರ್, ತೆಳು ತಂತಿಗೆ 2 ಇದ್ದರೆ ಸಾಕು. 3.5 ಅಥವಾ 4 ಇದ್ದರೆ ನಿಮ್ಮ ಬೆರಳುರಿಗೆ ಕಾರಣ ಅಲ್ಲೇ ಸಿಕ್ಕಿತು.

ತಗ್ಗಿಸುವುದು ಬ್ರಿಜ್ಜಿನಲ್ಲಿ (ಮೇಲ್ಹಲಗೆಯ ಮೇಲೆ ತಂತಿ ಬಿಗಿದ ಕಟ್ಟಿಗೆಯಲ್ಲಿ) ಕೂತಿರುವ ಬಿಳಿ ಪಟ್ಟಿಯಿಂದ, ಅಂದರೆ ಸ್ಯಾಡಲ್‌ನಿಂದ. ಹನ್ನೆರಡನೆಯ ಫ್ರೆಟ್ ತಂತಿಯ ನಟ್ಟನಡುವೆ ಇರುತ್ತದೆ. ಹಾಗಾಗಿ ಅಲ್ಲಿ ಒಂದು ಮಿಲಿಮೀಟರ್ ತಗ್ಗಬೇಕಾದರೆ ಸ್ಯಾಡಲ್ ಎರಡು ಮಿಲಿಮೀಟರ್ ಸವೆಯಬೇಕು. ತಂತಿ ಸಡಿಲ ಮಾಡಿ ಸ್ಯಾಡಲ್ ಹೊರಗೆ ತೆಗೆಯಿರಿ, ತಳದ ಕಡೆ ಪೆನ್ಸಿಲಿನಿಂದ ಗೆರೆ ಹಾಕಿರಿ. ಗಾಜಿನ ಮೇಲೆ ಎಮರಿ ಪೇಪರ್ ಹಾಸಿ, ಸ್ಯಾಡಲ್ ನೆಟ್ಟಗೆ ಹಿಡಿದು ತಳವನ್ನು ತಿಕ್ಕಿರಿ. ಮೇಲಿನ ಬಾಗು ಮುಟ್ಟಬೇಡಿರಿ. ತಳ ವಾರೆಯಾದರೆ ಒಂದು ಕಡೆಯ ತಂತಿಗಳ ದನಿ ಸತ್ತುಹೋಗುತ್ತದೆ. ಒಮ್ಮೆಲೇ ಗೆರೆಯ ತನಕ ಹೋಗಬೇಡಿ. ಅರ್ಧ ಸವೆಸಿ, ಕೂಡಿಸಿ, ಮತ್ತೆ ಅಳೆಯಿರಿ. ಸವೆಸಿದ್ದನ್ನು ಬೆಳೆಸಲಾಗುವುದಿಲ್ಲ, ಆದ್ದರಿಂದ ಇನ್ನೊಂದು ಸ್ಯಾಡಲ್ ತಂದಿಟ್ಟುಕೊಂಡರೆ ಧೈರ್ಯ. ಬ್ರಿಜ್ಜಿನ ಮೇಲೆ ಎರಡು ಮಿಲಿಮೀಟರಿನಷ್ಟೂ ಸ್ಯಾಡಲ್ ಉಳಿಯುವುದಿಲ್ಲ ಅನ್ನುವಂತಿದ್ದರೆ ತೊಂದರೆ ನೆಕ್ (ಕತ್ತು) ಕೂರಿಸಿದ ಕೋನದಲ್ಲೇ ಇದೆ. ಅಂಥದ್ದನ್ನು ಅಂಗಡಿಗೆ ಮರಳಿ ಕೊಡುವುದೇ ಪಾಡು.

ಈಗ ಎಫ್ ಕಾರ್ಡ್. ಒಂದು ಪರೀಕ್ಷೆ ಮಾಡಿ ನೋಡ್ರಿ. ತೋರುಬೆರಳನ್ನು ತಂತಿಗಳ ಮೇಲೆ ಅಡ್ಡ ಮಲಗಿಸಿ ಹಿಡಿಯುವ ಅದೇ ಆಕಾರವನ್ನು ಐದನೆಯ ಫ್ರೆಟ್ಟಿನಲ್ಲಿ ಹಿಡಿಯಿರಿ. ಅಲ್ಲಿ ಸುಮಾರಾಗಿ ಬಂದು ಒಂದನೆಯ ಫ್ರೆಟ್ಟಿನಲ್ಲಿ ಮಾತ್ರ ಬರದಿದ್ದರೆ ತಪ್ಪು ನಿಮ್ಮದಲ್ಲ, ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಕಚ್ಚಿನ ಪಟ್ಟಿ) ಎತ್ತರವಾಗಿದೆ. ಖಾತ್ರಿ ಬೇಕಾದರೆ ಒಂದೊಂದು ತಂತಿಯನ್ನೂ ಎರಡನೆಯ ಮತ್ತು ಮೂರನೆಯ ಫ್ರೆಟ್ ನಡುವೆ ಒತ್ತಿ, ಒಂದನೆಯ ಫ್ರೆಟ್ಟಿನ ಮೇಲೆ ಎಷ್ಟು ಸಂದು ಉಳಿಯುತ್ತದೆ ನೋಡಿರಿ. ಒಂದು ಕಾಗದ ತೂರುವಷ್ಟಿದ್ದರೆ ಸರಿ. ಬೆರಳುಗುರು ತೂರುವಷ್ಟಿದ್ದರೆ ನಟ್ ಎತ್ತರವೇ. ಬಿಟ್ಟ (ಬೆರಳಿನಿಂದ ಒತ್ತದ) ತಂತಿಗಳು ಶ್ರುತಿಯಲ್ಲಿದ್ದರೂ ಸಿ ಕಾರ್ಡ್ ಹಿಡಿದಾಗ ಸ್ವರ ಏರಿ ಕೇಳುವುದೂ ಇದರಿಂದಲೇ. ನಟ್ಟಿನ ಕಚ್ಚು ಆಳ ಮಾಡುವುದಕ್ಕೆ ತಂತಿಯ ದಪ್ಪಕ್ಕೆ ತಕ್ಕ ಸಣ್ಣ ಅರ ಬೇಕು. ಒಂದು ಎಳೆತ ಹೆಚ್ಚಾದರೆ ಬಿಟ್ಟ ತಂತಿ ಝರ್ ಅನ್ನುತ್ತದೆ. ಇದನ್ನು ಮನೆಯಲ್ಲಿ ಮಾಡಬೇಡಿರಿ. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುವ ಕೆಲಸ ಬಿದ್ದಾಗ ಗಿಟಾರ್ ರಿಪೇರಿ ತಿಳಿದವರ ಕೈಯಲ್ಲಿ ಮಾಡಿಸಿರಿ.

ಅಲ್ಲಿಯ ತನಕ ಇದನ್ನು ಮಾಡಿರಿ: ಆರೂ ತಂತಿಗಳನ್ನು ಅರ್ಧ ಸ್ವರ (ಒಂದು ಫ್ರೆಟ್ಟಿನಷ್ಟು) ಇಳಿಸಿ, ಒಂದನೆಯ ಫ್ರೆಟ್ಟಿಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿರಿ. ಶ್ರುತಿ ಮೊದಲಿನದ್ದೇ ಆಗುತ್ತದೆ. ಆದರೆ ತಂತಿಯ ಬಿಗಿತ ಸುಮಾರು 11 ಪ್ರತಿಶತ ಇಳಿಯುತ್ತದೆ, ನಟ್ಟಿನ ಎತ್ತರವೂ ಲೆಕ್ಕಕ್ಕೆ ಬರುವುದಿಲ್ಲ. ಕ್ಯಾಪೊವನ್ನು ಫ್ರೆಟ್ಟಿನ ಬೆನ್ನಿಗೇ ಹಚ್ಚಿ ಕೂರಿಸಬೇಕು. ನಡುವೆ ಹಾಕಿದರೆ ತಂತಿ ಜಗ್ಗಿ ಸ್ವರ ಏರುತ್ತದೆ. ಜೊತೆಗೆ ಹೊಸ ತಂತಿ ಕೊಳ್ಳುವಾಗ 0.012ರ ಬದಲು 0.010 ಅಥವಾ 0.011ರ ಸೆಟ್ ಕೇಳಿರಿ. ಆ ಅಂಕಿ ತೀರ ತೆಳು ತಂತಿಯ ದಪ್ಪ, ಇಂಚಿನಲ್ಲಿ. ನಿಮ್ಮದು ನೈಲಾನ್ ತಂತಿಯ ಗಿಟಾರಾದರೆ ಅದಕ್ಕೆ ಉಕ್ಕಿನ ತಂತಿ ಹಾಕುವ ಸಾಹಸ ಮಾತ್ರ ಬೇಡ, ಬ್ರಿಜ್ ಕಿತ್ತು ಬರುತ್ತದೆ.

ಇನ್ನು ಶ್ರುತಿ ಇಳಿಯುವ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಮುಂಜಾನೆಯ ತಂಪಿನಲ್ಲಿ ಕೂಡಿಸಿದ ಉಕ್ಕಿನ ತಂತಿ ಮಧ್ಯಾಹ್ನದ ಕಾವಿಗೆ ಹಿಗ್ಗುತ್ತದೆ. ಹಿಗ್ಗಿದರೆ ಬಿಗಿತ ಕಡಿಮೆ, ಸ್ವರ ಕೆಳಗೆ. ಅದು ದೋಷವಲ್ಲ, ಕೂತಾಗಲೆಲ್ಲ ಮತ್ತೆ ಕೂಡಿಸಿಕೊಳ್ಳುವುದೇ ಉಪಾಯ. ಆದರೆ ಅರ್ಧ ತಾಸಿನಲ್ಲೇ ಇಳಿಯುತ್ತಿದ್ದರೆ ಕಾರಣ ಬೇರೆ. ತಂತಿ ಹೊಸದಿದ್ದರೆ ಅದು ಇನ್ನೂ ಜಗ್ಗುತ್ತಿರುತ್ತದೆ. ಒಂದೊಂದನ್ನೂ ಬೆರಳಿನಿಂದ ಮೆಲ್ಲಗೆ ಮೇಲಕ್ಕೆಳೆದು ಮತ್ತೆ ಕೂಡಿಸಿರಿ, ನಾಲ್ಕೈದು ಸಲ. ತಂತಿ ಬಿಗಿಯುವ ಕೀಲಿಗೆ ಸುತ್ತು ಕಡಿಮೆಯಿದ್ದರೂ ಜಾರುತ್ತದೆ: ದಪ್ಪ ತಂತಿಗೆ ಎರಡು ಮೂರು, ತೆಳುವಿಗೆ ಮೂರು ನಾಲ್ಕು ಸುತ್ತು, ಒಂದರ ಮೇಲೊಂದು ಏರದಂತೆ. ಕೀಲಿ ತಿರುಗಿಸುವಾಗ "ಟಿಕ್" ಅಂತ ಸಪ್ಪಳ ಬಂದು ಸ್ವರ ಜಿಗಿದರೆ ತಂತಿ ನಟ್ಟಿನ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಮೆತ್ತನೆಯ ಪೆನ್ಸಿಲಿನ ಮೊನೆಯಿಂದ ಆ ಕಚ್ಚಿಗೆ ತಿಕ್ಕಿರಿ, ಗ್ರಾಫೈಟ್ ಪುಡಿಗೆ ತಂತಿ ಜಾರುತ್ತದೆ. ಮತ್ತೆ, ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸುತ್ತ ಸ್ವರ ಮುಟ್ಟಿರಿ. ಮೇಲೆ ಹೋಗಿಬಿಟ್ಟರೆ ಸ್ವರಕ್ಕಿಂತ ಕೆಳಗಿಳಿಸಿ ಮತ್ತೆ ಏರಿಸಿರಿ.

ಮೊಬೈಲಿನ ಟ್ಯೂನರ್ ಆ್ಯಪ್ ಸ್ವರದ ಹೆಸರು ತೋರಿಸುತ್ತದೆ, ಸಪ್ತಕವನ್ನು ಎಲ್ಲ ಆ್ಯಪ್‌ಗಳೂ ತೋರಿಸುವುದಿಲ್ಲ. ಒಂದು ಸಪ್ತಕ ಮೇಲಿನ ಅದೇ ಹೆಸರಿನ ಸ್ವರಕ್ಕೆ ಏರಿಸಲು ಹೋಗಿ ತೆಳು ತಂತಿ ಪಟ್ ಅಂತ ಹರಿಯುವುದು ಇಲ್ಲೇ. ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ, ಬಿ, ಇ. ಕಂಪನದ ಲೆಕ್ಕದಲ್ಲಿ 82, 110, 147, 196, 247, 330 ಹರ್ಟ್ಸ್. ಅನುಮಾನ ಬಂದರೆ ಕಿವಿಯಿಂದ ತಾಳೆ ನೋಡಿರಿ. ಆರನೆಯ, ಅಂದರೆ ದಪ್ಪ ತಂತಿಯನ್ನು ಐದನೆಯ ಫ್ರೆಟ್ಟಿನಲ್ಲಿ ಒತ್ತಿದರೆ ಬಿಟ್ಟ ಐದನೆಯ ತಂತಿಯ ಸ್ವರ ಬರಬೇಕು. ಹೀಗೇ ಮುಂದಕ್ಕೆ. ಮೂರನೆಯದರಿಂದ ಎರಡನೆಯದಕ್ಕೆ ಹೋಗುವಾಗ ಮಾತ್ರ ನಾಲ್ಕನೆಯ ಫ್ರೆಟ್.

ಒಣ ಬಿಸಿಲಿಗೆ ಕಟ್ಟಿಗೆಯ ಪಸೆ ಆರಿ ಮೇಲ್ಹಲಗೆ ಕುಸಿಯುತ್ತದೆ, ನೆಕ್ಕಿನ ಅಂಚಿನಲ್ಲಿ ಫ್ರೆಟ್ ತುದಿ ಕೈಗೆ ಚುಚ್ಚುತ್ತದೆ, ತಂತಿ ಝರ್ ಅನ್ನುತ್ತದೆ. ಮಳೆಗಾಲಕ್ಕೆ ತಿರುವುಮುರುವು: ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ. ಅದಕ್ಕೇ ಸ್ಯಾಡಲ್ ಸವೆಸುವ ಕೆಲಸವನ್ನು ಈ ಮೇ ತಿಂಗಳಲ್ಲಿ ಕಟ್ಟಕಡೆಯ ಮಿಲಿಮೀಟರ್ ತನಕ ಒಯ್ಯಬೇಡಿರಿ, ಆದರೆ ತೀರ ಎತ್ತರವಿದ್ದರೆ ಕಾಯುವ ಅಗತ್ಯವೂ ಇಲ್ಲ. ತಗಡಿನ ಮಾಡಿನ ಖೋಲಿಯಲ್ಲಿ, ನಿಂತ ಕಾರಿನಲ್ಲಿ ಗಿಟಾರ್ ಬಿಟ್ಟರೆ ಅಂಟು ಮೆತ್ತಗಾಗಿ ಬ್ರಿಜ್ ಏಳುತ್ತದೆ. ಕೂಲರಿನ ಗಾಳಿಗೆ ನೇರ ಇಡುವುದೂ ತಪ್ಪು. ಗಟ್ಟಿ ಚೀಲದಲ್ಲಿ, ಒಳಗೋಡೆಗೆ ಆನಿಸಿ ಇಡಿರಿ. ತೂತು ಮಾಡಿದ ಸಾಬೂನು ಡಬ್ಬಿಯಲ್ಲಿ ಚೆನ್ನಾಗಿ ಹಿಂಡಿದ ಸ್ಪಂಜಿಟ್ಟು ಅದನ್ನೂ ಚೀಲದೊಳಗೆ ಹಾಕಿರಿ. ಗಾಳಿಯ ತೇವ 45ರಿಂದ 55 ಪ್ರತಿಶತ ಇದ್ದರೆ ಗಿಟಾರಿಗೆ ಸುಖ. ಮಳೆ ಹಿಡಿದ ಮೇಲೆ ಸ್ಪಂಜು ತೆಗೆಯಲು ಮರೆಯಬೇಡಿರಿ.

ಇಷ್ಟಾದ ಮೇಲೆ ಬೆರಳು. ಎರಡು ಫ್ರೆಟ್ಟುಗಳ ನಡುವೆ ಒತ್ತಿದರೆ ಹೆಚ್ಚು ಬಲ ಬೇಕು, ಫ್ರೆಟ್ಟಿನ ಬೆನ್ನಿಗೇ ಒತ್ತಿದರೆ ಕಡಿಮೆ ಸಾಕು. ಎಷ್ಟು ಸಾಕು ಅಂತ ತಿಳಿಯಲು ಬೆರಳನ್ನು ತಂತಿಯ ಮೇಲೆ ಸುಮ್ಮನೆ ಇಟ್ಟು ಮೀಟಿರಿ, ಟಪ್ ಅನ್ನುತ್ತದೆ. ಮೀಟುತ್ತಲೇ ಮೆಲ್ಲಮೆಲ್ಲಗೆ ಒತ್ತಿರಿ. ದನಿ ತಿಳಿಯಾದ ಗಳಿಗೆಗೆ ನಿಲ್ಲಿಸಿರಿ; ಅದರ ಮೇಲಿನ ಬಲವೆಲ್ಲ ದಂಡ. ತುದಿಯ ಚರ್ಮ ಉರಿದರೆ ಹೆದರಬೇಡಿ, ಮೂರ್ನಾಲ್ಕು ವಾರದಲ್ಲಿ ಗಟ್ಟಿಯಾಗುತ್ತದೆ. ಹೆಬ್ಬೆರಳ ಬುಡ ಅಥವಾ ಮಣಿಕಟ್ಟು ನೋಯುತ್ತಿದ್ದರೆ ಅವತ್ತಿಗೆ ಗಿಟಾರ್ ಇಡಿರಿ. ಸ್ನಾನ ಮಾಡಿ ಬಂದ ತಕ್ಷಣ ಚರ್ಮ ನೆನೆದಿರುತ್ತದೆ, ಆಗ ನುಡಿಸಿದರೆ ಸುಲಿಯುತ್ತದೆ. ದಿನಕ್ಕೆ ಒಂದೇ ಸಲ ಒಂದು ತಾಸಿಗಿಂತ ಹದಿನೈದು ನಿಮಿಷದಂತೆ ಎರಡು ಸಲ ಉತ್ತಮ.

ಎಫ್ ಬಾರದಿದ್ದರೆ ಸದ್ಯಕ್ಕೆ ಎಫ್ ಮೇಜರ್ ಸೆವೆನ್ ಹಿಡಿಯಿರಿ. ಎ ಮೈನರ್‌ನಿಂದ ಶುರು ಮಾಡಿ: ತೋರುಬೆರಳು ಎರಡನೆಯ ತಂತಿಯ ಒಂದನೆಯ ಫ್ರೆಟ್, ನಡುಬೆರಳು ನಾಲ್ಕನೆಯ ತಂತಿಯ ಎರಡು, ಉಂಗುರಬೆರಳು ಮೂರನೆಯ ತಂತಿಯ ಎರಡು. ಉಂಗುರಬೆರಳೊಂದನ್ನೇ ಎತ್ತಿ ಐದನೆಯ ತಂತಿಯ ಮೂರಕ್ಕೆ ಇಟ್ಟರೆ ಸಿ. ಅಲ್ಲಿಂದ ತೋರುಬೆರಳು ಕದಲಿಸದೆ, ಉಂಗುರಬೆರಳನ್ನು ನಾಲ್ಕನೆಯ ತಂತಿಯ ಮೂರಕ್ಕೂ ನಡುಬೆರಳನ್ನು ಮೂರನೆಯ ತಂತಿಯ ಎರಡಕ್ಕೂ ಸರಿಸಿದರೆ ಎಫ್ ಮೇಜರ್ ಸೆವೆನ್. ತೆಳು ಕಡೆಯ ನಾಲ್ಕು ತಂತಿ ಮಾತ್ರ ಮೀಟಿರಿ. ಹೀಗೆ ಒಂದು ಬೆರಳು ನೆಲೆ ಬಿಡದ ಬದಲಾವಣೆಗಳನ್ನೇ ಮೊದಲು ಕಲಿಯಬೇಕು; ವಿಡಿಯೊಗಳು ಕಾರ್ಡಿನ ಚಿತ್ರ ತೋರಿಸುತ್ತವೆ, ಚಿತ್ರದಿಂದ ಚಿತ್ರಕ್ಕೆ ಹೋಗುವ ದಾರಿ ತೋರಿಸುವುದು ಕಡಿಮೆ. ಗಡಿಯಾರ ಇಟ್ಟುಕೊಂಡು ಒಂದು ನಿಮಿಷದಲ್ಲಿ ಎಷ್ಟು ಸಲ ಬದಲಾಯಿಸಿದಿರಿ ಎಣಿಸಿರಿ. ಮೂವತ್ತು ದಾಟಿದರೆ ನಿಧಾನದ ಹಾಡಿಗೆ ಸಾಕು.

ಬಲಗೈಗೆ ನಮ್ಮ ಅಡಿಗೆಮನೆಯಲ್ಲೇ ಪಾಠವಿದೆ. ಜೋಳದ ರೊಟ್ಟಿ ಬಡಿಯುವವರ ಕೈ ನೋಡಿರಿ: ಒಂದು ಕೈ ಬಡಿಯುತ್ತಿರುತ್ತದೆ, ಇನ್ನೊಂದು ರೊಟ್ಟಿ ತಿರುಗಿಸುತ್ತದೆ, ಬಡಿತ ಮಾತ್ರ ತಪ್ಪುವುದಿಲ್ಲ. ಎಡಗೈ ಕಾರ್ಡ್ ಹುಡುಕುತ್ತಿದ್ದರೂ ಬಲಗೈ ನಿಲ್ಲಬಾರದು. ಕಾರ್ಡ್ ತಡವಾದರೆ ಬಿಟ್ಟ ತಂತಿಯೇ ಮೊಳಗಲಿ.

ಈಗ ಮಂಡಳಿ. ಶ್ರಾವಣಕ್ಕೆ ಎಫ್ ಬೇಕಾಗಿಯೇ ಇಲ್ಲ. ತತ್ವಪದ, ವಚನ, ಭಜನೆ ಬಹಳಷ್ಟು ರಾಗದ ಮೇಲೆ ನಡೆಯುತ್ತವೆ. ಅಲ್ಲಿ ಕಾರ್ಡ್ ಮೇಲೆ ಕಾರ್ಡ್ ಸುರಿದರೆ ಹಾಡುವವರಿಗೆ ಕಿರಿಕಿರಿ. ಡಿ ಆಕಾರದಲ್ಲಿ ಮೂರೇ ತಂತಿ ಸಾಕು: ನಾಲ್ಕನೆಯದು ಬಿಟ್ಟದ್ದು, ಮೂರನೆಯದರ ಎರಡನೆಯ ಫ್ರೆಟ್, ಎರಡನೆಯದರ ಮೂರನೆಯ ಫ್ರೆಟ್. ಅದು ಸಾ-ಪ-ಸಾ, ತಂಬೂರಿಯಂತೆ. ಗಾಂಧಾರ (ಗ) ಇಲ್ಲದ್ದರಿಂದ ಭೂಪಾಲಿ ರಾಗಕ್ಕೂ ಸೈ, ಭೈರವಿಗೂ ಸೈ. ತೆಳು ತಂತಿಯನ್ನು ಒತ್ತದೆ ಮೀಟಿದರೆ ಶುದ್ಧ ರಿಷಭ ಸೇರುತ್ತದೆ. ಭೂಪಾಲಿಯಲ್ಲಿ ಚಂದ, ಕೋಮಲ ರಿಷಭದ ಭೈರವಿಯಲ್ಲಿ ಅಪಸ್ವರ.

ಪೇಟಿ (ಹಾರ್ಮೋನಿಯಂ) ನುಡಿಸುವವರು "ಕಾಲಿ ಎರಡು" (ಎರಡನೆಯ ಕರಿ ಮನೆ), "ಸಫೇದ್ ಮೂರು" (ಮೂರನೆಯ ಬಿಳಿ ಮನೆ) ಅಂತ ಶ್ರುತಿ ಹೇಳುತ್ತಾರೆ. ಅರ್ಧ ಸ್ವರ ಇಳಿಸಿದ ಗಿಟಾರ್ ಇಲ್ಲಿ ಅನುಕೂಲಕ್ಕೆ ಬರುತ್ತದೆ. ಡಿ ಆಕಾರ ಹಿಡಿದು ಕ್ಯಾಪೊ ಇಲ್ಲದಿದ್ದರೆ ಕಾಲಿ ಒಂದು, ಒಂದನೆಯ ಫ್ರೆಟ್ಟಿಗೆ ಹಾಕಿದರೆ ಸಫೇದ್ ಎರಡು, ಎರಡಕ್ಕೆ ಕಾಲಿ ಎರಡು, ಮೂರಕ್ಕೆ ಸಫೇದ್ ಮೂರು. ಗಂಡುದನಿಯ ಮಂಡಳಿಗೆ ಇಷ್ಟರಲ್ಲೇ ಬಹುತೇಕ ಮುಗಿಯುತ್ತದೆ.

ಸ್ವರ ಹುಡುಕಲು ಒಂದೇ ತಂತಿ ಹಿಡಿಯಿರಿ. ಬಿಟ್ಟ ತಂತಿ ಸಾ ಆದರೆ 2ನೆಯ ಫ್ರೆಟ್ ರಿ, 4 ಗ, 5 ಮ, 7 ಪ, 9 ಧ, 11 ನಿ, 12 ಮೇಲಿನ ಸಾ. ನಡುವಿನ 1, 3, 8, 10 ಕೋಮಲ, 6 ತೀವ್ರ ಮಧ್ಯಮ. ಡಿ ಆಕಾರದ ಜೋಡಿ ನುಡಿಸಲು ಎರಡನೆಯ ತಂತಿಯ 3ನ್ನು ಸಾ ಮಾಡಿಕೊಳ್ಳಿರಿ. 3, 5, 7, 10, 12 ಒತ್ತುತ್ತ ನಾಲ್ಕನೆಯ ತಂತಿಯನ್ನು ಒತ್ತದೆ ಮೀಟಿದರೆ ಭೂಪಾಲಿಯ ಸಾ ರಿ ಗ ಪ ಧ ಬಂತು. ಕ್ಯಾಪೊ ಹಾಕಿದ್ದರೆ ಫ್ರೆಟ್ಟುಗಳನ್ನು ಅದರಿಂದ ಮುಂದಕ್ಕೆ ಎಣಿಸಿರಿ. ಮೀಂಡಿನ (ಸ್ವರದಿಂದ ಸ್ವರಕ್ಕೆ ಜಾರುವ) ಆಸೆ ಈಗ ಬೇಡ. ವಿಶ್ವಮೋಹನ ಭಟ್ಟರಂಥವರು ಅದಕ್ಕಾಗಿ ಗಿಟಾರನ್ನೇ ತೊಡೆಯ ಮೇಲೆ ಮಲಗಿಸಿ, ಸಲಾಕೆ ಜಾರಿಸಿ ನುಡಿಸುತ್ತಾರೆ, ಅದು ಬೇರೆಯೇ ವಿದ್ಯೆ.

ತಾಳಕ್ಕೆ ಎಂಟು ಮಾತ್ರೆಯ ಕಹರವಾ ಸಾಕು: ಧಾ ಗೆ ನ ತಿ, ನ ಕ ಧಿ ನ. ಬೆಸ ಸಂಖ್ಯೆಯ ಮಾತ್ರೆಗೆ ಕೈ ಕೆಳಗೆ, ಸಮ ಸಂಖ್ಯೆಯದಕ್ಕೆ ಮೇಲೆ. "ಧಾ"ಕ್ಕೆ ನಾಲ್ಕನೆಯ ತಂತಿ ಒಂದನ್ನೇ ಗಟ್ಟಿಯಾಗಿ, ಉಳಿದವು ಹಗುರ. "ನ ಕ" ಬರುವಲ್ಲಿ ನಾಲ್ಕನೆಯ ತಂತಿ ಮೀಟಬೇಡಿ, ಅಲ್ಲಿ ತಬಲಾದ ಡಗ್ಗಾವೂ (ಎಡಗೈಯ ದೊಡ್ಡ ವಾದ್ಯ) ಮೊಳಗುವುದಿಲ್ಲ.

ಹಳೆಯ ಪೇಟಿಗಳು ಆ್ಯಪ್ ಹೇಳುವ ಶ್ರುತಿಯಲ್ಲೇ ಇರುತ್ತವೆ ಅಂತೇನಿಲ್ಲ. ಮಂಡಳಿಯಲ್ಲಿ ಕೂತ ಮೇಲೆ ಮೊಬೈಲ್ ಒಳಗಿಟ್ಟು, ಪೇಟಿಯವರಿಗೆ ಸಾ ಹಿಡಿಯಲು ಹೇಳಿರಿ. ಕ್ಯಾಪೊ ಹಾಕಿಕೊಂಡೇ ನಾಲ್ಕನೆಯ ತಂತಿಯನ್ನು ಅದಕ್ಕೆ ಕೂಡಿಸಿ, ಉಳಿದವನ್ನು ಅದರಿಂದ ಹೊಂದಿಸಿರಿ. ಜನ ತುಂಬಿ ಗುಡಿಯ ಕಾವು ಏರಿದ ಮೇಲೆ, ಎರಡನೆಯ ಪದಕ್ಕೆ ಮುಂಚೆ, ಇನ್ನೊಮ್ಮೆ.