ಬಣ್ಣಕ್ಕೆ ಬಳಸುವ ಅಗಸೆ ಎಣ್ಣೆ ಶುದ್ಧವೋ ಅಲ್ಲವೋ ಎಂದು ಲ್ಯಾಬಿನಲ್ಲಿ ಹೇಗೆ ಕಂಡುಹಿಡಿಯುತ್ತಾರೆ?

ಅದು ಎಷ್ಟು ಅಯೋಡಿನ್ ಹಿಡಿದುಕೊಳ್ಳುತ್ತದೆ ಎಂದು ಮೊದಲು ಅಳೆಯುತ್ತಾರೆ. 100 ಗ್ರಾಂ ಅಗಸೆ ಎಣ್ಣೆ ಸುಮಾರು 170ರಿಂದ 200 ಗ್ರಾಂ ಅಯೋಡಿನ್ ಹಿಡಿಯುತ್ತದೆ. ಕಡಲೆಕಾಯಿ ಎಣ್ಣೆ ಹಿಡಿಯುವುದು ಅದರ ಅರ್ಧದಷ್ಟು. ಅಂಥ ಎಣ್ಣೆ ಬೆರೆಸಿದರೆ ಅಂಕಿ ಇಳಿಯುತ್ತದೆ.

ಅಯೋಡಿನ್ನೇ ಯಾಕೆ? ಅಗಸೆ ಎಣ್ಣೆಯ ಅಣುಗಳಲ್ಲಿ ಇಂಗಾಲದ ಜೋಡಿ ಬಂಧಗಳು ಜಾಸ್ತಿ. ಗಾಳಿಯ ಆಮ್ಲಜನಕ ಕೆಲಸ ಶುರು ಮಾಡುವುದು ಅವುಗಳ ಪಕ್ಕದಲ್ಲೇ. ಹಾಗಾಗಿಯೇ ಹಚ್ಚಿದ ಎಣ್ಣೆ ಒಣಗಿ ಗಟ್ಟಿ ಪದರವಾಗುತ್ತದೆ. ಅಯೋಡಿನ್ ಅಂಟುವುದೂ ಅದೇ ಬಂಧಗಳಿಗೆ. ಅಂದರೆ ಒಣಗುವ ಗುಣವನ್ನೇ ಅಳೆದಂತಾಯಿತು, ಅಲ್ವಾ?

ಎಣ್ಣೆಗೆ ಅಯೋಡಿನ್ ದ್ರಾವಣ ಹಾಕಿ ಸ್ವಲ್ಪ ಹೊತ್ತು ಕತ್ತಲಲ್ಲಿ ಇಡುತ್ತಾರೆ. ಅಂಟದೆ ಉಳಿದ ಅಯೋಡಿನ್‌ಗೆ ಗಂಜಿನೀರು ಸೇರಿಸಿದರೆ ಕಡುನೀಲಿ. ಅದಕ್ಕೆ ಥಯೋಸಲ್ಫೇಟ್ (ಅಯೋಡಿನ್ನಿನ ಬಣ್ಣ ಕಳೆಯುವ ಲವಣ) ದ್ರಾವಣ ಹನಿಹನಿಯಾಗಿ ಬಿಡುತ್ತಾ ಹೋದರೆ ಒಂದು ಹನಿಗೆ ನೀಲಿ ಥಟ್ಟನೆ ಮಾಯ! ಎಷ್ಟು ಹನಿ ಹಿಡಿಯಿತು ಎಂಬುದರಿಂದ ಉಳಿದ ಅಯೋಡಿನ್ ಎಷ್ಟೆಂದು ತಿಳಿಯುತ್ತದೆ; ಹಾಕಿದ್ದರಲ್ಲಿ ಅದನ್ನು ಕಳೆದರೆ ಎಣ್ಣೆ ಹಿಡಿದದ್ದರ ಲೆಕ್ಕ.

ಮಿನರಲ್ ಆಯಿಲ್ (ಪೆಟ್ರೋಲಿಯಂನಿಂದ ತೆಗೆದ ಎಣ್ಣೆ) ಬೆರೆತಿದ್ದರೆ ಪತ್ತೆ ಇನ್ನೂ ಸುಲಭ. ಆಲ್ಕೋಹಾಲಿನಲ್ಲಿ ಕರಗಿಸಿದ ಕ್ಷಾರದ ಜೊತೆ ಕುದಿಸಿ ನೀರು ಹಾಕುತ್ತಾರೆ. ಅಗಸೆ ಎಣ್ಣೆ ಸೋಪಾಗಿ ತಿಳಿಯಾಗಿ ಕರಗುತ್ತದೆ. ಮಿನರಲ್ ಆಯಿಲ್ ಸೋಪಾಗುವುದಿಲ್ಲ, ನೀರು ಕದಡುತ್ತದೆ.

ಮೀನೆಣ್ಣೆ ಮಾತ್ರ ಕಿಲಾಡಿ. ಅದೂ ಬೇಕಾದಷ್ಟು ಅಯೋಡಿನ್ ಹಿಡಿಯುತ್ತದೆ. ಅನುಮಾನ ಬಂದರೆ ಗ್ಯಾಸ್ ಕ್ರೊಮಟೋಗ್ರಫಿ ಯಂತ್ರದಲ್ಲಿ ಕೊಬ್ಬಿನ ಆಮ್ಲಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡುತ್ತಾರೆ.