ಕೆರೆ ಹೂಳಿನ ಆರ್‌ಟಿಐ ಅರ್ಜಿ ತಿರಸ್ಕೃತವಾಗಿದ್ದಕ್ಕೆ

‘ನಮ್ಮೂರ ಕೆರೆಯ ಹೂಳು ಯಾಕೆ ಪೂರ್ತಿ ತೆಗೆದಿಲ್ಲ’ ಅಂತ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಯಲ್ಲಿ ನೀವು ಕೇಳಿದ್ದೇ ಎಡವಟ್ಟು ಸಾರ್, ಅದಕ್ಕೇ ಅರ್ಜಿ ತಿರಸ್ಕೃತವಾಗಿದೆ. ‘ಯಾಕೆ’ ಎಂಬುದಕ್ಕೆ ಕಾರಣ ಕಟ್ಟಿ ಹೇಳುವ ಹೊಣೆ ಮಾಹಿತಿ ಅಧಿಕಾರಿಗಿಲ್ಲ; ಕಡತದಲ್ಲಿ ಇರುವುದನ್ನು ಕೊಟ್ಟರೆ ಸಾಕು. ಹಾಗಾಗಿ ದಾಖಲೆಗಳ ಹೆಸರು ಹಿಡಿದೇ ಕೇಳಿ: ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ (ಎಂ.ಬಿ.) ಪುಟಗಳು, ಪಾವತಿಯಾದ ಬಿಲ್ಲು, ಕೆಲಸಕ್ಕೆ ಮುಂಚಿನ ಮತ್ತು ನಂತರದ ಫೋಟೊ. ಇದರಲ್ಲಿ ಎಂ.ಬಿ.ಯೇ ಜೀವಾಳ. ಎಷ್ಟು ಘನ ಮೀಟರ್ ಹೂಳು ತೆಗೆದೆವು ಎಂದು ಬರೆದು ಬಿಲ್ಲು ಮಾಡಿದ್ದಾರೆ ಅನ್ನುವುದು ಅಲ್ಲಿರುತ್ತದೆ. ಅದನ್ನು ಅಂದಾಜು ಪಟ್ಟಿಯ ಪ್ರಮಾಣದ ಪಕ್ಕ ಇಟ್ಟು ನೋಡಿ.

ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಕೆರೆ, ರಸ್ತೆ, ಚರಂಡಿ ಎಲ್ಲ ಒಂದರಲ್ಲೇ ತುರುಕಬೇಡಿ. ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಕಳಿಸಿದರೆ ಅದರ ಸಂಖ್ಯೆಯನ್ನು ಅರ್ಜಿಯಲ್ಲೇ ಬರೆಯಿರಿ. ಕೆರೆ ಯಾವ ಇಲಾಖೆಯದು ಎಂಬ ಗೊಂದಲವಿದ್ದರೂ ಅರ್ಜಿ ಹಾಕಿ, ಮಾಹಿತಿ ಹಕ್ಕು ಕಾಯ್ದೆಯ ಕಲಂ 6(3)ರಂತೆ 5 ದಿನದೊಳಗೆ ಅವರೇ ಸರಿಯಾದ ಕಚೇರಿಗೆ ವರ್ಗಾಯಿಸಬೇಕು.

ಕಲಂ 2(ಜೆ) ಬಹಳ ಜನ ಬಳಸುವುದೇ ಇಲ್ಲ. ಕಾಮಗಾರಿ ಸ್ಥಳ ಪರಿಶೀಲಿಸಲು, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲೂ ಅದರಲ್ಲಿ ಅವಕಾಶವಿದೆ. ಏರಿಗೆ ಹಾಕಿದ ಕಾಂಕ್ರೀಟ್ ಮೇಲೆ ಅನುಮಾನವಿದ್ದರೆ ಇದೇ ದಾರಿ.

30 ದಿನ ಕಳೆದರೂ ಉತ್ತರವಿಲ್ಲವೆಂದರೆ ನಿರಾಕರಣೆ ಎಂದೇ ಲೆಕ್ಕ. ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ತಡವಾದ ಮಾಹಿತಿಗೆ ಪುಟದ ದುಡ್ಡು ಕೇಳಿದರೆ ಕಲಂ 7(6) ತೋರಿಸಿ, ಉಚಿತವಾಗಿ ಕೊಡಬೇಕು.